ರಿಪೋರ್ಟಿನಲ್ಲಿ ‘ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆ’ ಅಂತ ಬಂದಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 34 ವರ್ಷ. ಮೂರು ವರ್ಷದ ಹಿಂದೆ ಒಂದು ಸಲ ಜೋರಾಗಿ ವಾಂತಿ-ಭೇದಿ ಆಯಿತು. ಐದು ದಿನ ಆ್ಯಂಟಿಬಯೋಟಿಕ್ ತೆಗೆದುಕೊಂಡೆ, ನಿಂತಿತು. ಆದರೆ ಅವತ್ತಿನಿಂದ ಹೊಟ್ಟೆ ಮೊದಲಿನ ಹಾಗಿಲ್ಲ. ಉಬ್ಬರ, ಬೆಳಿಗ್ಗೆ ಮೂರ್ನಾಲ್ಕು ಸಲ ತೆಳ್ಳಗೆ ಹೋಗುವುದು, ನೋವು. ಹೋಗಿ ಬಂದ ಮೇಲೆ ಸ್ವಲ್ಪ ಹಗುರ. ಸ್ಕ್ಯಾನಿಂಗ್, ಮಾಮೂಲಿ ರಕ್ತ ಪರೀಕ್ಷೆ ಎಲ್ಲ ನಾರ್ಮಲ್. ಡಾಕ್ಟರು ‘ಟೆನ್ಷನ್ ಕಡಿಮೆ ಮಾಡಿಕೊಳ್ಳಿ’ ಅಂದರು. ಕೊನೆಗೆ ನಾನೇ ದುಡ್ಡು ಹಾಕಿ ಕರುಳಿನ ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸಿದೆ. ಫೀಕಾಲಿಬ್ಯಾಕ್ಟೀರಿಯಮ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆ, ಜಾತಿಗಳ ವೈವಿಧ್ಯ ಕಡಿಮೆ, ಎಲ್ಲ ಕೆಂಪು ಬಣ್ಣದಲ್ಲಿ. ಆರು ತಿಂಗಳ ಪ್ರೊಬಯೋಟಿಕ್ (ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲ್) ಕೋರ್ಸ್ ಮಾಡಿ ಅಂತ ಬರೆದಿದ್ದಾರೆ. ದೇಹದಲ್ಲಿ ನಮ್ಮ ಜೀವಕೋಶಕ್ಕಿಂತ ಬ್ಯಾಕ್ಟೀರಿಯಾ ಹತ್ತು ಪಟ್ಟು ಜಾಸ್ತಿ ಅಂತಾರಲ್ಲ, ಅದೇ ಕೆಟ್ಟರೆ ಏನು ಗತಿ? ನನ್ನ ಕಾಯಿಲೆಗೆ ಈ ಬ್ಯಾಕ್ಟೀರಿಯಾನೇ ಕಾರಣವಾ? ಮಲ ಕಸಿ ಅಂತ ಒಂದಿದೆಯಂತೆ, ಆರೋಗ್ಯವಂತರ ಮಲವನ್ನು ರೋಗಿಯ ಕರುಳಿಗೆ ಸೇರಿಸುವುದಂತೆ, ಕೆಲವರು ಮನೆಯಲ್ಲೇ ಮಾಡಿಕೊಳ್ಳುತ್ತಾರಂತೆ. ಮಾಡಿಸಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಕಾಯಿಲೆ ನಿಜ. ಆದರೆ ಆ ಕಾಯಿಲೆಯ ಬಗ್ಗೆ ನಿಮ್ಮ ಕೈಲಿರುವ ರಿಪೋರ್ಟು ಹೆಚ್ಚೇನೂ ಹೇಳುತ್ತಿಲ್ಲ. ಆರು ತಿಂಗಳ ಕೋರ್ಸ್ ಈಗಲೇ ಕೊಳ್ಳಬೇಡಿ. ಮನೆಯಲ್ಲಿ ಮಲ ಕಸಿ ಅಂತೂ ಬೇಡವೇ ಬೇಡ. ಇಷ್ಟು ಸಾಕು ಅನ್ನಿಸಿದರೆ ಇಲ್ಲೇ ನಿಲ್ಲಿಸಿ, ಕೊನೆಯ ಹತ್ತಿರ ಮಾಡಿಸಬೇಕಾದ ಪರೀಕ್ಷೆಗಳನ್ನು ಬರೆದಿದ್ದೇನೆ, ಅಷ್ಟನ್ನು ನೋಡಿಕೊಳ್ಳಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ತಿಳಿಯಬೇಕಾದರೆ ಸ್ವಲ್ಪ ಉದ್ದದ ಕಥೆ ಕೇಳಬೇಕು.

ಹತ್ತು ಪಟ್ಟಿನ ಲೆಕ್ಕವನ್ನು ಮೊದಲು ಮುಗಿಸೋಣ. ಅದು 1972ರಲ್ಲಿ ಒಬ್ಬ ವಿಜ್ಞಾನಿ ಅಂದಾಜಿನ ಮೇಲೆ ಬರೆದ ಸಂಖ್ಯೆ. ನಲವತ್ತು ವರ್ಷ ಎಲ್ಲರೂ ಅದನ್ನೇ ನಕಲು ಮಾಡಿಕೊಂಡು ಬಂದೆವು, ನಾನೂ ಪಾಠ ಮಾಡುವಾಗ ಹೇಳಿದ್ದೇನೆ. 2016ರಲ್ಲಿ ಇಸ್ರೇಲಿನ ರಾನ್ ಮಿಲೊ ತಂಡ ಕೂತು ಸರಿಯಾಗಿ ಲೆಕ್ಕ ಹಾಕಿತು. ನಮ್ಮ ಜೀವಕೋಶ ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ. ಹೆಚ್ಚುಕಡಿಮೆ ಸಮ-ಸಮ. ಎಲ್ಲ ಬ್ಯಾಕ್ಟೀರಿಯಾ ಸೇರಿಸಿ ತೂಗಿದರೆ ಕಾಲು ಕೆಜಿಯೂ ಬರುವುದಿಲ್ಲ.

ಈಗ ನಿಮ್ಮ ರಿಪೋರ್ಟಿಗೆ ಬರೋಣ. ಅದು ಹೇಗೆ ತಯಾರಾಯಿತು ಗೊತ್ತಾ? ನೀವು ಡಬ್ಬಿಯಲ್ಲಿ ಕಳಿಸಿದ ಚೂರು ಮಲದಿಂದ ಡಿಎನ್‌ಎ ಬೇರೆ ಮಾಡುತ್ತಾರೆ. ಎಲ್ಲ ಬ್ಯಾಕ್ಟೀರಿಯಾದಲ್ಲೂ 16ಎಸ್ ಅನ್ನುವ ಒಂದು ಜೀನ್ ಇರುತ್ತದೆ. ಜಾತಿಯಿಂದ ಜಾತಿಗೆ ಅದರ ಅಕ್ಷರ ಸ್ವಲ್ಪ ಬೇರೆ. ಅಂದರೆ ಪ್ರತಿಯೊಂದರ ಕೊರಳಲ್ಲೂ ಒಂದು ಹೆಸರಿನ ಚೀಟಿ ಇದ್ದ ಹಾಗೆ. ಅಗ್ಗದ ಟೆಸ್ಟುಗಳು ಸಾಮಾನ್ಯವಾಗಿ ಆ ಚೀಟಿಯನ್ನಷ್ಟೇ ಓದಿ, ಯಾವ ಹೆಸರು ನೂರಕ್ಕೆ ಎಷ್ಟು ಸಲ ಬಂತು ಅಂತ ಎಣಿಸುತ್ತವೆ. ಬ್ಯಾಕ್ಟೀರಿಯಾ ಬದುಕಿತ್ತೋ ಸತ್ತಿತ್ತೋ ಅದಕ್ಕೆ ಗೊತ್ತಾಗುವುದಿಲ್ಲ. ಒಟ್ಟು ಎಷ್ಟಿತ್ತು ಅನ್ನುವುದೂ ಗೊತ್ತಾಗುವುದಿಲ್ಲ, ಸಿಗುವುದು ಬರೀ ಪಾಲು. ಹಾಗಾಗಿ ಇನ್ನೊಂದು ಯಾವುದೋ ಜಾತಿ ಹೆಚ್ಚಾದರೂ ಸಾಕು, ನಿಮ್ಮ ಫೀಕಾಲಿಬ್ಯಾಕ್ಟೀರಿಯಮ್ ಒಂದೂ ಸಾಯದೆ ಇದ್ದರೂ ಅದರ ಪಾಲು ಇಳಿದ ಹಾಗೆ ಕಾಣುತ್ತದೆ.

ಡಬ್ಬಿ ಎಷ್ಟು ಹೊತ್ತು ಎಲ್ಲಿತ್ತು ಅನ್ನುವುದೂ ಮುಖ್ಯ. ನಮ್ಮ ಲ್ಯಾಬಿನಲ್ಲಿ ಒಂದು ಶುಕ್ರವಾರ ಸಂಜೆ ಬಂದ ಸ್ಯಾಂಪಲ್ಲನ್ನು ಎರಡು ಭಾಗ ಮಾಡಿ, ಒಂದನ್ನು ಫ್ರೀಜರಿಗೆ ಹಾಕಿ, ಇನ್ನೊಂದನ್ನು ಮೇಜಿನ ಮೇಲೇ ಮರೆತು ಮನೆಗೆ ಹೋಗಿದ್ದಾಯಿತು. ಮರೆತವನು ನಾನೇ, ವಿದ್ಯಾರ್ಥಿಗಳ ಮೇಲೆ ಹಾಕುವ ಹಾಗಿಲ್ಲ. ಸೋಮವಾರ ಬಾಗಿಲು ತೆಗೆದಾಗ ವಾಸನೆಯೇ ವಿಷಯ ಹೇಳಿತು. ಸುಮ್ನೆ ಕುತೂಹಲಕ್ಕೆ ಎರಡನ್ನೂ ಓದಿಸಿದೆವು. ಒಬ್ಬನೇ ಮನುಷ್ಯ, ಒಂದೇ ದಿನದ ಮಲ. ಆದರೆ ಮೇಜಿನ ಮೇಲಿದ್ದ ಡಬ್ಬಿಯಲ್ಲಿ ಗಾಳಿಯಲ್ಲೂ ಬೆಳೆಯುವ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಕಡೆಯ ನೆಂಟರೆಲ್ಲ ಬಂದು ಠಿಕಾಣಿ ಹೂಡಿದ್ದರು. ಫ್ರೀಜರಿನಲ್ಲಿದ್ದುದನ್ನು ನೋಡದೆ ಬರೀ ಇದನ್ನು ನೋಡಿದ್ದರೆ ‘ಈ ಮನುಷ್ಯನ ಹೊಟ್ಟೆ ಪೂರ್ತಿ ಕೆಟ್ಟಿದೆ’ ಅಂತ ನಾನೇ ಬರೆದುಕೊಡುತ್ತಿದ್ದೆನೇನೋ. ಒಳ್ಳೆಯ ಕಿಟ್‌ಗಳಲ್ಲಿ ಬೆಳವಣಿಗೆ ನಿಲ್ಲಿಸುವ ದ್ರಾವಣ ಇರುತ್ತದೆ, ನಿಜ. ಎಲ್ಲ ಕಿಟ್ ಒಳ್ಳೆಯದಲ್ಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ನಿಮ್ಮ ವಿಷಯದಲ್ಲಿ ಇದೇ ಮುಖ್ಯ ಅಂತ ನನಗೆ ಅನಿಸುತ್ತದೆ. ಬೆಲ್ಜಿಯಮ್ಮಿನಲ್ಲಿ ಯೆರೂನ್ ರಾಸ್ ಅವರ ತಂಡ ಸಾವಿರಕ್ಕಿಂತ ಹೆಚ್ಚು ಜನರ ಮಲ ತೆಗೆದುಕೊಂಡು, ಜನರಿಂದ ಜನರಿಗೆ ಬ್ಯಾಕ್ಟೀರಿಯಾ ಯಾಕೆ ಬದಲಾಗುತ್ತದೆ ಅಂತ ಹುಡುಕಿತು. ವಯಸ್ಸು, ತೂಕ, ಊಟ, ಮಾತ್ರೆ, ಎಲ್ಲ ನೋಡಿದರು. 2016ರಲ್ಲಿ ಫಲಿತಾಂಶ ಬಂತು. ಎಲ್ಲಕ್ಕಿಂತ ಹೆಚ್ಚು ಹೊಂದಿಕೊಂಡಿದ್ದು ಮಲ ಗಟ್ಟಿಯೋ ತೆಳುವೋ ಅನ್ನುವುದು! ಅದೇ ಗುಂಪು ಅದಕ್ಕೂ ಮೊದಲು ಆರೋಗ್ಯವಾಗಿದ್ದ 53 ಹೆಂಗಸರನ್ನು ನೋಡಿದಾಗಲೂ ಇದೇ ಕಂಡಿತ್ತು. ಮಲ ತೆಳುವಾದಷ್ಟೂ ಜಾತಿಗಳ ಸಂಖ್ಯೆ ಕಡಿಮೆ. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಕರುಳಿನಲ್ಲಿ ಎಲ್ಲ ಬೇಗ ಬೇಗ ಕೊಚ್ಚಿಕೊಂಡು ಹೋಗುತ್ತಿದ್ದರೆ ನಿಧಾನಕ್ಕೆ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ನೆಲೆ ನಿಲ್ಲಲು ಪುರುಸೊತ್ತೇ ಸಿಗುವುದಿಲ್ಲ.

ನೀವು ದಿನಕ್ಕೆ ಮೂರ್ನಾಲ್ಕು ಸಲ ತೆಳ್ಳಗೆ ಹೋಗುತ್ತಿದ್ದೀರಿ. ನಿಮ್ಮ ರಿಪೋರ್ಟಿನಲ್ಲಿ ವೈವಿಧ್ಯ ಕಡಿಮೆ ಬಂದಿದೆ. ಬರದೇ ಇದ್ದಿದ್ದರೆ ಆಶ್ಚರ್ಯಪಡುತ್ತಿದ್ದೆ. ಭೇದಿ ಆಗುತ್ತಿದೆ ಅನ್ನುವುದು ನಿಮಗೆ ಮೊದಲೇ ಗೊತ್ತಿತ್ತಲ್ಲ, ಅದನ್ನೇ ಬಣ್ಣ ಹಾಕಿ ವಾಪಸ್ ಹೇಳಿದ್ದಾರೆ.

ನಮ್ಮ ಕೆಲಸದ ಮುಕ್ಕಾಲು ಪಾಲು ಇಷ್ಟೇ. ಕಾಯಿಲೆ ಇರುವವರಲ್ಲಿ ಯಾವ ಬ್ಯಾಕ್ಟೀರಿಯಾ ಹೆಚ್ಚು, ಯಾವುದು ಕಡಿಮೆ ಅಂತ ಪಟ್ಟಿ ಮಾಡುವುದು ಈಗ ಸುಲಭ, ಮೆಷಿನ್ ಮಾಡಿಕೊಡುತ್ತದೆ. ಅದು ಕಾಯಿಲೆ ತಂದಿದ್ದೋ, ಕಾಯಿಲೆಯ ಹಿಂದೆ ಬಂದಿದ್ದೋ, ಇಲ್ಲ ಸುಮ್ಮನೆ ಜೊತೆಗೆ ನಿಂತಿದ್ದೋ ಅಂತ ಹೇಳುವುದಕ್ಕೆ ವರ್ಷಗಟ್ಟಲೆ ಬೇಕು. ಬೆಂಕಿ ಬಿದ್ದ ಮನೆ ಮುಂದೆ ಅಗ್ನಿಶಾಮಕದವರು ಯಾವಾಗಲೂ ಇರುತ್ತಾರೆ. ಹಾಗಂತ ಬೆಂಕಿ ಹಚ್ಚಿದವರು ಅವರೇ ಅನ್ನುವುದಕ್ಕಾಗುತ್ತದಾ?

ಒಂದು ಬ್ಯಾಕ್ಟೀರಿಯಾವನ್ನು ‘ಇದೇ ಕಾರಣ’ ಅಂತ ಸಾಬೀತು ಮಾಡುವುದು ಎಷ್ಟು ಕಷ್ಟ ಅನ್ನುವುದಕ್ಕೆ ಜಠರದ ಹುಣ್ಣಿನ ಕಥೆ ನೋಡಿ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಅನ್ನುವ ಪೆಥಾಲಜಿಸ್ಟ್ 1979ರಲ್ಲಿ ಜಠರದ ಬಯಾಪ್ಸಿ ಚೂರುಗಳಲ್ಲಿ ಬಾಗಿದ ಕಡ್ಡಿಯಂಥ ಬ್ಯಾಕ್ಟೀರಿಯಾ ನೋಡಿದರು. ಜಠರದ ಆಮ್ಲದಲ್ಲಿ ಏನೂ ಬದುಕುವುದಿಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಹುಣ್ಣು ಬರುವುದು ಟೆನ್ಷನ್‌ನಿಂದ, ಖಾರದಿಂದ, ಆಮ್ಲ ಹೆಚ್ಚಾಗಿ ಅಂತ ವೈದ್ಯರೂ ಹೇಳುತ್ತಿದ್ದರು. 1981ರಲ್ಲಿ ಬ್ಯಾರಿ ಮಾರ್ಷಲ್ ಅನ್ನುವ ಚಿಕ್ಕ ವಯಸ್ಸಿನ ಡಾಕ್ಟರು ಅವರ ಜೊತೆ ಸೇರಿದರು. ಇಬ್ಬರೂ ಅದನ್ನು ತಟ್ಟೆಯಲ್ಲಿ ಬೆಳೆಸಲು ನೋಡಿದರು. ಒಂದಾದ ಮೇಲೆ ಒಂದು ತಟ್ಟೆ ಖಾಲಿ. ಎರಡು ದಿನ ನೋಡುವುದು, ಏನೂ ಬಂದಿಲ್ಲ ಅಂತ ಬಿಸಾಕುವುದು, ಲ್ಯಾಬಿನ ರೂಢಿ ಅದೇ. 1982ರ ಈಸ್ಟರ್ ರಜೆ ಬಂತು. ತಟ್ಟೆ ತೆಗೆಯುವವರು ಇರಲಿಲ್ಲ. ನಾಲ್ಕೈದು ದಿನ ಬೆಚ್ಚಗೆ ಇನ್‌ಕ್ಯುಬೇಟರಿನಲ್ಲೇ ಉಳಿಯಿತು. ರಜೆ ಮುಗಿಸಿ ಬಂದು ನೋಡಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು! ಅದು ನಿಧಾನಕ್ಕೆ ಬೆಳೆಯುವ ಜಾತಿ, ಅಷ್ಟೇ. ಅಲ್ಲಿಯವರೆಗೆ ಇವರೇ ಕಾಯದೆ ಎಸೆಯುತ್ತಿದ್ದರು. ನನ್ನ ಮರೆವಿನಿಂದ ಒಂದು ಸ್ಯಾಂಪಲ್ ಹಾಳಾಯಿತು, ಅವರ ರಜೆಯಿಂದ ಹೆಲಿಕೋಬ್ಯಾಕ್ಟರ್ ಪೈಲೋರಿ ಸಿಕ್ಕಿತು. ಅದೃಷ್ಟ ಅಂದರೆ ಹಾಗಿರಬೇಕು!

ಸಿಕ್ಕಿದ ಮೇಲೂ ಯಾರೂ ಒಪ್ಪಲಿಲ್ಲ. ಹುಣ್ಣಿದ್ದ ಜಾಗದಲ್ಲಿ ಆಮೇಲೆ ಬಂದು ಸೇರಿಕೊಂಡಿರಬಹುದು ಅಂದರು. ಗಮನಿಸಿ, ಆ ಪ್ರಶ್ನೆ ತಪ್ಪಲ್ಲ, ನಾನು ಈಗ ನಿಮ್ಮ ರಿಪೋರ್ಟಿಗೆ ಕೇಳುತ್ತಿರುವುದೂ ಅದನ್ನೇ. ಮಾರ್ಷಲ್ 1984ರಲ್ಲಿ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಮೊದಲು ಎಂಡೋಸ್ಕೋಪಿ ಮಾಡಿಸಿ ಜಠರ ಚೆನ್ನಾಗಿದೆ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಗಟಗಟ ಕುಡಿದರು. ಹೆಂಡತಿಗೆ ಮೊದಲೇ ಹೇಳಿರಲಿಲ್ಲ. ಕೆಲವು ದಿನಕ್ಕೆ ವಾಂತಿ ಶುರುವಾಯಿತು, ಬಾಯಿ ವಾಸನೆ ಬಂತು. ಹತ್ತನೇ ದಿನ ಮತ್ತೆ ಎಂಡೋಸ್ಕೋಪಿ ಮಾಡಿದಾಗ ಜಠರದ ಒಳಪದರ ಊದಿಕೊಂಡಿತ್ತು, ಅದರ ತುಂಬ ಅದೇ ಬ್ಯಾಕ್ಟೀರಿಯಾ.

ಈ ಕಥೆಯನ್ನು ಎಲ್ಲರೂ ಇಲ್ಲಿಗೆ ಮುಗಿಸುತ್ತಾರೆ. ಆದರೆ ಮಾರ್ಷಲ್‌ಗೆ ಬಂದಿದ್ದು ಉರಿಯೂತ, ಹುಣ್ಣಲ್ಲ! ಹುಣ್ಣಿನ ವಿಷಯ ತೀರ್ಮಾನವಾಗಿದ್ದು ಆಮೇಲೆ, ಆ್ಯಂಟಿಬಯೋಟಿಕ್ ಕೊಟ್ಟು ಬ್ಯಾಕ್ಟೀರಿಯಾ ಪೂರ್ತಿ ತೆಗೆದವರಲ್ಲಿ ಹುಣ್ಣು ಮತ್ತೆ ಮತ್ತೆ ಬರುವುದು ನಿಂತಾಗ. ಬ್ಯಾಕ್ಟೀರಿಯಾ ಹಾಕಿದರೆ ಕಾಯಿಲೆ ಬರಬೇಕು, ತೆಗೆದರೆ ಹೋಗಬೇಕು, ಅದು ಹೇಗೆ ಮಾಡುತ್ತದೆ ಅಂತಲೂ ತೋರಿಸಬೇಕು. ಪೈಲೋರಿ ಯೂರಿಯೇಸ್ ಅನ್ನುವ ಕಿಣ್ವದಿಂದ ಯೂರಿಯಾ ಒಡೆದು ಅಮೋನಿಯಾ ಮಾಡಿಕೊಂಡು, ತನ್ನ ಸುತ್ತ ಆಮ್ಲದ ತೀವ್ರತೆ ತಗ್ಗಿಸಿಕೊಂಡು ಬದುಕುತ್ತದೆ. ಉಸಿರು ಊದಿಸಿ ಮಾಡುವ ಟೆಸ್ಟ್ ಇದೆಯಲ್ಲ, ಅದು ಹಿಡಿಯುವುದು ಇದನ್ನೇ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಕ್ಯಾನ್ಸರ್ ತರುವ ಮೊದಲ ದರ್ಜೆಯ ಪಟ್ಟಿಗೆ ಸೇರಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಷ್ಟಾದರೂ ಈ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿರುವ ಹೆಚ್ಚಿನವರಿಗೆ ಜೀವಮಾನದಲ್ಲಿ ಹುಣ್ಣೇ ಬರುವುದಿಲ್ಲ.

ಅದು ಒಂದೇ ಬ್ಯಾಕ್ಟೀರಿಯಾ, ಒಂದೇ ಅಂಗ. ದೊಡ್ಡ ಕರುಳಿನಲ್ಲಿ ನೂರಾರು ಜಾತಿ ಒಟ್ಟಿಗೆ ಸಂಸಾರ ಮಾಡುತ್ತಿವೆ. ಅಲ್ಲಿ ‘ಇದು ಕಡಿಮೆ, ಆದ್ದರಿಂದ ಕಾಯಿಲೆ’ ಅನ್ನುವುದು ಎಷ್ಟು ಧೈರ್ಯದ ಮಾತು ಯೋಚಿಸಿ.

ನಿಮ್ಮ ಫೀಕಾಲಿಬ್ಯಾಕ್ಟೀರಿಯಮ್ ಪ್ರೌಸ್ನಿಟ್ಸಿಯ ಕಥೆ ನನಗೆ ಬಹಳ ಹತ್ತಿರದ್ದು. ಇದನ್ನು ಬೆಳೆಸುವುದು ದೊಡ್ಡ ರಗಳೆ. ಗಾಳಿ ಸೋಕಿದರೆ ಕೆಲವೇ ನಿಮಿಷದಲ್ಲಿ ಸಾಯುತ್ತದೆ. ಅದಕ್ಕೇ ಗಾಳಿಯಿಲ್ಲದ ಪಾರದರ್ಶಕ ಪೆಟ್ಟಿಗೆ ಇಟ್ಟಿರುತ್ತೇವೆ. ಒಳಗೆ ನೈಟ್ರೋಜನ್, ಇಂಗಾಲದ ಡೈಆಕ್ಸೈಡ್, ಸ್ವಲ್ಪ ಹೈಡ್ರೋಜನ್. ಪೆಟ್ಟಿಗೆಗೇ ಅಂಟಿಸಿದ ಉದ್ದ ರಬ್ಬರ್ ತೋಳಿನೊಳಗೆ ಕೈ ತೂರಿಸಿ ಕೆಲಸ ಮಾಡಬೇಕು. ಅರ್ಧ ಗಂಟೆಯಲ್ಲಿ ಕೈ ಬೆವರಿ ಅಂಗೈ ನೆನೆದು ಸುಕ್ಕುಗಟ್ಟುತ್ತದೆ, ಮೂಗು ತುರಿಸಿದರೆ ದೇವರೇ ಗತಿ. ಬೆಳೆದಿದೆಯೋ ಇಲ್ಲವೋ ಅಂತ ಬಾಟಲಿ ಹೊರಗೆ ತೆಗೆದು ಮುಚ್ಚಳ ತಿರುಗಿಸಿದ ತಕ್ಷಣ ಗೊತ್ತಾಗುತ್ತದೆ. ಹಳೇ ಬೆಣ್ಣೆ ಕಮಟು ಹಿಡಿದ ವಾಸನೆ ಬರುತ್ತದೆ. ಅದು ಬ್ಯುಟಿರೇಟ್.

ಈ ಕಮಟು ವಾಸನೆಯ ವಸ್ತುವೇ ನಮ್ಮ ದೊಡ್ಡ ಕರುಳಿನ ಒಳಪದರದ ಮುಖ್ಯ ಆಹಾರ. ನಾವು ತಿಂದ ನಾರು ನಮಗೆ ಜೀರ್ಣವಾಗುವುದಿಲ್ಲ, ಈ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಮಾಡಿಕೊಡುತ್ತವೆ. ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾದಲ್ಲಿ ಸುಮಾರು 5% ಇದೊಂದೇ ಜಾತಿ. 2008ರಲ್ಲಿ ಫ್ರಾನ್ಸಿನ ಹ್ಯಾರಿ ಸೊಕೋಲ್ ಮತ್ತು ಜೊತೆಗಾರರು ಕ್ರೋನ್ಸ್ ಕಾಯಿಲೆಯವರನ್ನು ನೋಡಿದರು. ಕ್ರೋನ್ಸ್ ಅಂದರೆ ಕರುಳಿನ ಗೋಡೆಯಲ್ಲಿ ವರ್ಷಾನುಗಟ್ಟಲೆ ಆರದ ಉರಿಯೂತ. ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆದ ಕರುಳಿನಲ್ಲಿ ಈ ಬ್ಯಾಕ್ಟೀರಿಯಾ ಕಡಿಮೆ ಇದ್ದವರಿಗೆ ಆರು ತಿಂಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಾಗಿ ಕಂಡಿತು. ಕರುಳಿಗೆ ರಾಸಾಯನಿಕ ಹಾಕಿ ಉರಿಯೂತ ಬರಿಸಿದ ಇಲಿಗಳಿಗೆ ಇದನ್ನು ಕೊಟ್ಟಾಗ ಉರಿಯೂತ ಇಳಿಯಿತು. ಬ್ಯಾಕ್ಟೀರಿಯಾ ಬಿಟ್ಟು ಅದು ಬೆಳೆದ ದ್ರವವನ್ನಷ್ಟೇ ಕೊಟ್ಟರೂ ಇಳಿಯಿತು. ಒಳ್ಳೆಯ ಕೆಲಸ, ನಮ್ಮಂಥವರು ಎಷ್ಟೋ ಜನ ಈ ದಾರಿಗೆ ಬಂದಿದ್ದು ಅದನ್ನು ಓದಿಯೇ. ನಿಮ್ಮ ರಿಪೋರ್ಟಿನಲ್ಲಿ ಈ ಹೆಸರು ಕೆಂಪಾಗಿ ಬರುವುದಕ್ಕೂ ಮೂಲ ಇಂಥ ಸಂಶೋಧನೆಗಳೇ.

ಆದರೆ ಬೀಜ ಮೊದಲೋ ಮರ ಮೊದಲೋ? ಆರೋಗ್ಯವಾದ ಕರುಳಿನ ಜೀವಕೋಶಗಳು ಬ್ಯುಟಿರೇಟ್ ಉರಿಸುವಾಗ ಆಮ್ಲಜನಕ ಬಳಸಿಬಿಡುತ್ತವೆ, ಹಾಗಾಗಿ ಕರುಳಿನೊಳಗೆ ಅದು ಹೆಚ್ಚು ಸೋರುವುದಿಲ್ಲ. ಉರಿಯೂತ ಬಂದರೆ ಈ ವ್ಯವಸ್ಥೆ ತಪ್ಪಿ ಆಮ್ಲಜನಕ ಒಳಗೆ ಸೋರುತ್ತದೆ. ಆಗ ಗಾಳಿ ತಡೆಯದ ಫೀಕಾಲಿಬ್ಯಾಕ್ಟೀರಿಯಮ್ ಸೊರಗುತ್ತದೆ, ಗಾಳಿ ಇದ್ದರೂ ಇಲ್ಲದಿದ್ದರೂ ಬದುಕುವ ಇ. ಕೋಲಿ ಕೊಬ್ಬುತ್ತದೆ. ಅಂದರೆ ಉರಿಯೂತವೇ ಇದನ್ನು ಕಡಿಮೆ ಮಾಡಬಹುದು, ಕಡಿಮೆಯಾಗಿದ್ದು ಉರಿಯೂತವನ್ನು ಇನ್ನೂ ಹೆಚ್ಚಿಸಬಹುದು. ನನ್ನನ್ನು ಕೇಳಿದರೆ ಎರಡೂ ನಡೆಯುತ್ತದೆ, ಒಂದು ಇನ್ನೊಂದನ್ನು ತಳ್ಳುತ್ತಾ ಗಾಣದ ಎತ್ತಿನ ಹಾಗೆ ಸುತ್ತು ಹಾಕುತ್ತವೆ. ಗಾಣ ಮೊದಲು ತಿರುಗಿಸಿದ್ದು ಯಾರು ಅನ್ನುವುದು ರೋಗಿಯಿಂದ ರೋಗಿಗೆ ಬೇರೆ ಇರಬಹುದು.

ಇಲಿಗಳ ವಿಷಯಕ್ಕೆ ಒಂದು ಮಾತು. ‘ಕಾಯಿಲೆಯವರ ಬ್ಯಾಕ್ಟೀರಿಯಾವನ್ನು ಇಲಿಗೆ ಹಾಕಿದರು, ಇಲಿಗೂ ಕಾಯಿಲೆ ಬಂತು’ ಅನ್ನುವ ಸುದ್ದಿ ತಿಂಗಳಿಗೊಂದು ಬರುತ್ತದೆ. 2020ರಲ್ಲಿ ಯೆನ್ಸ್ ವಾಲ್ಟರ್ ಮತ್ತು ಸಂಗಡಿಗರು ಇಂಥ 38 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. 36ರಲ್ಲಿ ಕಾಯಿಲೆಯ ಏನಾದರೊಂದು ಲಕ್ಷಣ ಇಲಿಗೆ ದಾಟಿತ್ತು! ಇಷ್ಟು ಬೇರೆ ಬೇರೆ ಕಾಯಿಲೆಗಳಿಗೆಲ್ಲ ಬ್ಯಾಕ್ಟೀರಿಯಾನೇ ಕಾರಣ ಅಂತ ನಂಬುವುದಕ್ಕಿಂತ, ಈ ಪರೀಕ್ಷೆಯೇ ಎಲ್ಲರನ್ನೂ ಪಾಸ್ ಮಾಡುತ್ತಿದೆ ಅಂತ ಅನುಮಾನ ಪಡುವುದು ಮೇಲು. ಅವರೂ ಅದನ್ನೇ ಹೇಳಿದ್ದು.

ಮಲ ಕಸಿ ಕೇಳಿದಿರಿ. ಅದು ಸುಳ್ಳಲ್ಲ, ಒಂದು ಕಾಯಿಲೆಯಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತದೆ. ಆ್ಯಂಟಿಬಯೋಟಿಕ್ ತೆಗೆದುಕೊಂಡ ಕೆಲವರಿಗೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಅನ್ನುವ ಬ್ಯಾಕ್ಟೀರಿಯಾ ಕರುಳಿನಲ್ಲಿ ಏಕಾಏಕಿ ಬೆಳೆದು, ವಿಷ ಬಿಟ್ಟು, ಜೀವಕ್ಕೇ ಕುತ್ತು ತರುತ್ತದೆ. ಔಷಧಿ ಕೊಟ್ಟರೆ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಯಾಕೆಂದರೆ ಅದನ್ನು ಹದ್ದುಬಸ್ತಿನಲ್ಲಿಡುವ ಬೇರೆ ಬ್ಯಾಕ್ಟೀರಿಯಾಗಳೆಲ್ಲ ಸತ್ತಿರುತ್ತವೆ. 1958ರಲ್ಲೇ ಅಮೆರಿಕದ ಸರ್ಜನ್ ಬೆನ್ ಐಸ್‌ಮನ್ ಆ್ಯಂಟಿಬಯೋಟಿಕ್ ನಂತರ ಕರುಳು ಕೆಟ್ಟು ಸಾಯುವ ಸ್ಥಿತಿಯಲ್ಲಿದ್ದ ನಾಲ್ವರಿಗೆ ಆರೋಗ್ಯವಂತರ ಮಲವನ್ನು ಎನಿಮಾ ಕೊಟ್ಟು ಉಳಿಸಿದ್ದರು. 2013ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸರಿಯಾದ ಟ್ರಯಲ್ ನಡೆಯಿತು. ಕಸಿ ಮಾಡಿಸಿಕೊಂಡ 16 ಜನರಲ್ಲಿ 13 ಜನ ಒಂದೇ ಸಲಕ್ಕೆ ಗುಣವಾದರು. ಬರೀ ವ್ಯಾಂಕೋಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಕೊಟ್ಟ 13ರಲ್ಲಿ ನಾಲ್ಕೇ ಜನ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಟ್ರಯಲನ್ನು ಅರ್ಧಕ್ಕೇ ನಿಲ್ಲಿಸಿದರು. ಈಗ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಪಡೆದ ಕ್ಯಾಪ್ಸೂಲೇ ಬಂದಿದೆ, 2023ರಿಂದ.

ಇದು ಕೆಲಸ ಮಾಡಿದ್ದಕ್ಕೆ ಕಾರಣ ಸರಳ. ಅಲ್ಲಿ ಕಾಡು ಪೂರ್ತಿ ಸುಟ್ಟು ಬಯಲಾಗಿತ್ತು, ಸಸಿ ನೆಟ್ಟರು, ಹಿಡಿಯಿತು. ನಿಮ್ಮ ಕರುಳು ಬಯಲಾಗಿಲ್ಲ. ಐದು ದಿನದ ಆ್ಯಂಟಿಬಯೋಟಿಕ್‌ನಿಂದ ಎಲ್ಲ ಹಾಳಾಯಿತು ಅಂತಲೂ ಕೊರಗಬೇಡಿ. ಡೆನ್ಮಾರ್ಕಿನಲ್ಲಿ ಆರೋಗ್ಯವಾದ 12 ಗಂಡಸರಿಗೆ ಮೂರು ಬಲವಾದ ಆ್ಯಂಟಿಬಯೋಟಿಕ್ ಒಟ್ಟಿಗೆ ನಾಲ್ಕು ದಿನ ಕೊಟ್ಟು ನೋಡಿದರು. ಒಂದೂವರೆ ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಬಂತು. ಮೊದಲು ಎಲ್ಲರಲ್ಲೂ ಇದ್ದ 9 ಜಾತಿ ಮಾತ್ರ ಆರು ತಿಂಗಳಾದರೂ ಹೆಚ್ಚಿನವರಲ್ಲಿ ವಾಪಸ್ ಕಾಣಲಿಲ್ಲ. ಹಾಗಾಗಿ ಸುಮ್ಮಸುಮ್ಮನೆ ನುಂಗಬಾರದು ನಿಜ, ಆದರೆ ನಿಮ್ಮದು ಪ್ರಳಯವೂ ಅಲ್ಲ.

ನಿಮ್ಮಂಥ ತೊಂದರೆಗೆ ಮಲ ಕಸಿ ಮಾಡಿದ ಟ್ರಯಲ್‌ಗಳು ಒಂದಕ್ಕೊಂದು ಉಲ್ಟಾ ಹೇಳುತ್ತಿವೆ. 2018ರಲ್ಲಿ ಡೆನ್ಮಾರ್ಕಿನ ಒಂದರಲ್ಲಿ ಸುಳ್ಳು ಕ್ಯಾಪ್ಸೂಲ್ (ಒಳಗೆ ದಾನಿಯ ಮಲ ಇಲ್ಲದ್ದು) ನುಂಗಿದವರೇ ಹೆಚ್ಚು ಸುಧಾರಿಸಿದರು. ಮುಂದಿನ ವರ್ಷ ನಾರ್ವೆಯಲ್ಲಿ 165 ಜನರ ಮೇಲೆ ಮಾಡಿದ್ದರಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡಿತು. ಅವರು ಬಳಸಿದ್ದು ಒಬ್ಬನೇ ದಾನಿಯ ಮಲ, ಹುಡುಕಿ ಹುಡುಕಿ ಆರಿಸಿದವನದ್ದು. ಆ ಒಬ್ಬನಲ್ಲಿ ಏನಿತ್ತು ಅನ್ನುವುದೇ ಈಗ ಸಂಶೋಧನೆಯ ಪ್ರಶ್ನೆ. ನಿಮ್ಮ ತಮ್ಮನಲ್ಲೋ ಸ್ನೇಹಿತನಲ್ಲೋ ಅದು ಇರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಇನ್ನು ಅಪಾಯ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಒಂದು ಟ್ರಯಲ್ಲಿನಲ್ಲಿ ದಾನಿಯ ಮಲದಲ್ಲಿದ್ದ, ಔಷಧಿಗೆ ಬಗ್ಗದ ಇ. ಕೋಲಿ ಇಬ್ಬರು ರೋಗಿಗಳಿಗೆ ಹತ್ತಿ, ಒಬ್ಬರು ತೀರಿಕೊಂಡರು. ಅದು ಡಾಕ್ಟರುಗಳ ಕಣ್ಗಾವಲಿನಲ್ಲಿ ನಡೆದಿದ್ದು. ಮನೆಯ ಮಿಕ್ಸಿಯಲ್ಲಿ ಏನಾಗಬಹುದು ನೀವೇ ಲೆಕ್ಕ ಹಾಕಿ.

ಪ್ರೊಬಯೋಟಿಕ್ ಅಷ್ಟು ಅಪಾಯದ್ದಲ್ಲ, ಹೆಚ್ಚಿನವರಿಗೆ ದುಡ್ಡು ದಂಡ ಅಷ್ಟೇ. ‘ಕಡಿಮೆ ಇದೆ, ಹಾಕಿದರೆ ತುಂಬುತ್ತದೆ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೊದಲನೆಯದಾಗಿ ಮಾಮೂಲಿ ಕ್ಯಾಪ್ಸೂಲಿನಲ್ಲಿ ಇರುವುದು ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಮ್. ನಿಮಗೆ ಕಡಿಮೆ ಅಂದಿದ್ದು ಫೀಕಾಲಿಬ್ಯಾಕ್ಟೀರಿಯಮ್. ಗಾಳಿ ಸೋಕಿದರೆ ಸಾಯುವುದನ್ನು ಕ್ಯಾಪ್ಸೂಲಿಗೆ ತುಂಬುವುದು ಎಷ್ಟು ಕಷ್ಟ ಅಂತ ನಮ್ಮ ರಬ್ಬರ್ ತೋಳುಗಳನ್ನು ಕೇಳಿ. ಸಕ್ಕರೆ ಮುಗಿದಿದೆ ಅಂತ ಉಪ್ಪು ತಂದ ಹಾಗಾಯಿತಲ್ವಾ? ಎರಡನೆಯದು, ನುಂಗಿದ್ದು ಅಲ್ಲಿ ನೆಲೆ ಊರಬೇಕಲ್ಲ. 2018ರಲ್ಲಿ ಇಸ್ರೇಲಿನ ವೈಝ್‌ಮನ್ ಸಂಸ್ಥೆಯಲ್ಲಿ ಎರಾನ್ ಎಲಿನಾವ್ ತಂಡ ಮಲವನ್ನಷ್ಟೇ ನೋಡದೆ ಎಂಡೋಸ್ಕೋಪಿ ಮಾಡಿ ಕರುಳಿನ ಒಳಗೇ ನೋಡಿತು. ಕೆಲವರಲ್ಲಿ ಪ್ರೊಬಯೋಟಿಕ್ ಹಿಡಿದಿತ್ತು, ಇನ್ನು ಕೆಲವರಲ್ಲಿ ಬಂದ ದಾರಿಯಲ್ಲೇ ಹೊರಟುಹೋಗಿತ್ತು. ಅದೇ ತಂಡದ ಇನ್ನೊಂದು ಪ್ರಯೋಗದಲ್ಲಿ ಆ್ಯಂಟಿಬಯೋಟಿಕ್ ನಂತರ ಪ್ರೊಬಯೋಟಿಕ್ ತೆಗೆದುಕೊಂಡವರಲ್ಲಿ ಅವರ ಸ್ವಂತ ಬ್ಯಾಕ್ಟೀರಿಯಾ ವಾಪಸ್ ಬರುವುದು ಏನೂ ತೆಗೆದುಕೊಳ್ಳದವರಿಗಿಂತ ತಡವಾಯಿತು! ಅದು ಸಣ್ಣ ಪ್ರಯೋಗ, ಅದನ್ನೇ ವೇದವಾಕ್ಯ ಮಾಡಬೇಕಿಲ್ಲ. ಆದರೂ ‘ಒಳ್ಳೆಯದಾಗದಿದ್ದರೂ ಕೆಟ್ಟದ್ದೇನಿಲ್ಲ’ ಅನ್ನುವವರಿಗೆ ಒಂದು ಉತ್ತರ.

ನಿಮ್ಮಂಥ ತೊಂದರೆಗೆ, ಅಂದರೆ ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೂ ಹೊಟ್ಟೆನೋವು, ಉಬ್ಬರ, ಭೇದಿ ಕಾಡುವುದಕ್ಕೆ, ಐಬಿಎಸ್ ಅನ್ನುತ್ತಾರೆ. ಅಮೆರಿಕದ ಜಠರ-ಕರುಳು ತಜ್ಞರ ಸಂಘ 2020ರಲ್ಲಿ, ಐಬಿಎಸ್‌ಗೆ ಪ್ರೊಬಯೋಟಿಕ್ ಬಳಸುವುದಾದರೆ ಟ್ರಯಲ್‌ಗಳಲ್ಲಿ ಮಾತ್ರ ಬಳಸಿ ಅಂತ ಹೇಳಿತು. ಬ್ರಿಟನ್ನಿನವರು ಸ್ವಲ್ಪ ಉದಾರಿಗಳು. ಬೇಕಾದರೆ 12 ವಾರ ನೋಡಿ, ಗುಣ ಕಾಣದಿದ್ದರೆ ಬಿಟ್ಟುಬಿಡಿ ಅಂದರು. ನಾನು ಬ್ರಿಟನ್ನಿನವರ ಕಡೆ. ತುಂಬ ಆಸೆ ಇದ್ದರೆ ಒಂದನ್ನು 12 ವಾರ ನೋಡಿ. ಆರು ತಿಂಗಳದ್ದು ಮುಂಗಡ ಕೊಳ್ಳಬೇಡಿ.

ಹಾಗಾದರೆ ನಿಮಗೆ ಆಗಿರುವುದೇನು? ನೀವು ಬರೆದಿದ್ದನ್ನು ಓದಿದರೆ, ಸೋಂಕಿನ ನಂತರ ಬರುವ ಐಬಿಎಸ್ ಅನ್ನುವ ಅನುಮಾನ ನನಗೆ ಬಲವಾಗಿದೆ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳುವುದು ತಪ್ಪು. ಆದರೆ ಕಥೆ ಪಕ್ಕಾ ಹೊಂದುತ್ತದೆ. ಜೋರು ವಾಂತಿ-ಭೇದಿ ಆದ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಕೆನಡಾದ ವಾಕರ್ಟನ್ ಅನ್ನುವ ಪುಟ್ಟ ಊರಿನಲ್ಲಿ 2000ನೇ ಇಸವಿಯಲ್ಲಿ ಕುಡಿಯುವ ನೀರಿಗೆ ಇ. ಕೋಲಿ, ಕ್ಯಾಂಪೈಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಏಳು ಜನ ಸತ್ತರು. ಉಳಿದವರನ್ನು ವೈದ್ಯರು ಎಂಟು ವರ್ಷ ಬಿಡದೆ ನೋಡಿದರು. ಎರಡು ಮೂರು ವರ್ಷಕ್ಕೆ ಸುಮಾರು 28% ಜನರಿಗೆ ಐಬಿಎಸ್ ಇತ್ತು, ಎಂಟು ವರ್ಷಕ್ಕೆ ಅದು ಸುಮಾರು 15%ಗೆ ಇಳಿಯಿತು. ಸೋಂಕು ಹೋಗಿರುತ್ತದೆ, ಆದರೆ ಕರುಳಿನ ನರಗಳು ಇನ್ನೂ ಜಾಗರಣೆ ಮಾಡುತ್ತಿರುತ್ತವೆ. ಮಾಮೂಲಿ ಗಾಳಿ ತುಂಬಿದರೂ ನೋವು ಅಂತ ಮಿದುಳಿಗೆ ದೂರು ಹೋಗುತ್ತದೆ. ಎಂಡೋಸ್ಕೋಪಿಯಲ್ಲಿ ಇದು ಕಾಣುವುದಿಲ್ಲ. ಕಾಣುವುದಿಲ್ಲ ಅಂತ ಸುಳ್ಳಲ್ಲ. ನಿಮಗೆ ಟೆನ್ಷನ್ ಅಂತ ಹೇಳಿ ಕಳಿಸಿದ್ದು ಸರಿಯಲ್ಲ ಅಂತ ನನಗೆ ಅನಿಸುತ್ತದೆ. ಹಿಂದೆ ಹುಣ್ಣಿನವರಿಗೂ ಹಾಗೇ ಹೇಳಿ ಕಳಿಸುತ್ತಿದ್ದೆವಲ್ಲ.

ಈಗ ಪರೀಕ್ಷೆ. ಎರಡೇ. ಒಂದು, ಫೀಕಲ್ ಕ್ಯಾಲ್‌ಪ್ರೊಟೆಕ್ಟಿನ್. ಇದೂ ಮಲದ ಪರೀಕ್ಷೆಯೇ, ಆದರೆ ಬ್ಯಾಕ್ಟೀರಿಯಾ ಎಣಿಸುವುದಿಲ್ಲ. ಕರುಳಿನಲ್ಲಿ ಉರಿಯೂತ ಇದ್ದರೆ ಅಲ್ಲಿಗೆ ನುಗ್ಗುವ ಬಿಳಿ ರಕ್ತಕಣಗಳ ಪ್ರೋಟೀನನ್ನು ಅಳೆಯುತ್ತದೆ. ಒಂದು ಗ್ರಾಮಿಗೆ 50 ಮೈಕ್ರೋಗ್ರಾಮಿಗಿಂತ ಕಡಿಮೆ ಬಂದರೆ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಇರುವ ಸಾಧ್ಯತೆ ಬಹಳ ಕಡಿಮೆ. 250 ದಾಟಿದರೆ ಕೊಲೊನೋಸ್ಕೋಪಿ ಬೇಕು, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವುದು. ನಡುವೆ ಬಂದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಅದರಿಂದಲೂ ಏರುತ್ತದೆ. ಎರಡು, ಸೀಲಿಯಾಕ್ ಕಾಯಿಲೆಯ ರಕ್ತ ಪರೀಕ್ಷೆ, ಟಿಟಿಜಿ ಅಂತ ಕೇಳಿ. ಗೋಧಿಯಲ್ಲಿರುವ ಗ್ಲೂಟನ್ ತಡೆಯದ ಕಾಯಿಲೆ ಅದು. ಈ ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ, ಬಿಟ್ಟರೆ ಕಾಯಿಲೆ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು. ಎಷ್ಟೋ ಜನ ಮೊದಲು ಎಲ್ಲ ಬಿಟ್ಟು ಆಮೇಲೆ ಪರೀಕ್ಷೆಗೆ ಬರುತ್ತಾರೆ, ಏನು ಮಾಡುವುದು.

ಮಲದಲ್ಲಿ ರಕ್ತ, ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಮನೆಯಲ್ಲಿ ಹತ್ತಿರದವರಿಗೆ ಕರುಳಿನ ಕ್ಯಾನ್ಸರ್ ಅಥವಾ ಕ್ರೋನ್ಸ್ ಇರುವುದು, ಇವುಗಳಲ್ಲಿ ಒಂದಿದ್ದರೂ ಮೇಲಿನ ಸಮಾಧಾನದ ಮಾತೆಲ್ಲ ಮರೆತು ನೇರ ತಜ್ಞರ ಹತ್ತಿರ ಹೋಗಿ. ನೀವು ಇದ್ಯಾವುದನ್ನೂ ಬರೆದಿಲ್ಲ. ಮುಜುಗರಕ್ಕೆ ಬರೆಯದೆ ಬಿಟ್ಟಿದ್ದರೆ ಡಾಕ್ಟರಿಗಾದರೂ ಹೇಳಿ.

ಎರಡೂ ಪರೀಕ್ಷೆ ಸರಿಯಿದ್ದರೆ ಇಸಬಗೋಲಿನಿಂದ ಶುರು ಮಾಡಿ, ಸ್ವಲ್ಪದರಿಂದ. ಭೇದಿಗೂ ಅದು ಸಹಾಯ ಮಾಡುತ್ತದೆ, ನೀರು ಹಿಡಿದಿಟ್ಟುಕೊಳ್ಳುತ್ತದೆ. ಗೋಧಿ ಹೊಟ್ಟು ಬೇಡ, ಉಬ್ಬರ ಹೆಚ್ಚಬಹುದು. ಅದರಿಂದ ಸಾಲದಿದ್ದರೆ ಫಾಡ್‌ಮ್ಯಾಪ್ ಪಥ್ಯ ಇದೆ, ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಕರುಳಿನಲ್ಲಿ ಬೇಗ ಹುದುಗಿ ಗಾಳಿ ಮಾಡುವ ಸಕ್ಕರೆಗಳನ್ನು ನಾಲ್ಕರಿಂದ ಆರು ವಾರ ಬಿಟ್ಟು, ಆಮೇಲೆ ಒಂದೊಂದೇ ವಾಪಸ್ ತಂದು, ನಿಮಗೆ ಯಾವುದು ಆಗುವುದಿಲ್ಲ ಅಂತ ಪತ್ತೆ ಮಾಡುವುದು. ಜನ ಮೊದಲ ಹಂತದಲ್ಲಿ ಸ್ವಲ್ಪ ಆರಾಮ ಸಿಕ್ಕಿದ ಕೂಡಲೇ ಅಲ್ಲೇ ವರ್ಷಗಟ್ಟಲೆ ಕೂತುಬಿಡುತ್ತಾರೆ. ಅದು ತಪ್ಪು. ಆ ಸಕ್ಕರೆಗಳೇ ಬೈಫಿಡೋಬ್ಯಾಕ್ಟೀರಿಯಾದ ಊಟ, ಬಹಳ ದಿನ ಬಿಟ್ಟರೆ ಅವು ಕಡಿಮೆಯಾಗುತ್ತವೆ. ಪಥ್ಯ ತಿಳಿದ ಆಹಾರ ತಜ್ಞರ ಜೊತೆ ಮಾಡಿ, ಒಬ್ಬರೇ ಪಟ್ಟಿ ಹಿಡಿದುಕೊಂಡು ಮಾಡಬೇಡಿ.

ಆರು ತಿಂಗಳಾದ ಮೇಲೆ ಬ್ಯಾಕ್ಟೀರಿಯಾ ಟೆಸ್ಟನ್ನು ಮತ್ತೆ ಮಾಡಿಸಿ ಅಂತ ಟೆಸ್ಟ್ ಮಾಡಿದವರು ಖಂಡಿತ ಮೆಸೇಜ್ ಕಳಿಸುತ್ತಾರೆ. ಆ ಹೊತ್ತಿಗೆ ಭೇದಿ ಕಡಿಮೆಯಾಗಿದ್ದರೆ ವೈವಿಧ್ಯ ತಾನಾಗಿಯೇ ಹೆಚ್ಚು ಬರಬಹುದು, ಅವರ ಕ್ಯಾಪ್ಸೂಲಿಗೆ ಹೆಸರು ಬರುತ್ತದೆ. ಆ ದುಡ್ಡಿನಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಮಾಡಿಸಿ. ನಂಬರ್ ಬಂದ ಮೇಲೆ ಬರೆಯಿರಿ, ದಿನಕ್ಕೆ ಎಷ್ಟು ಸಲ, ಗಟ್ಟಿಯೋ ತೆಳುವೋ ಅಂತ ಎರಡು ವಾರದ ಲೆಕ್ಕವನ್ನೂ ಜೊತೆಗೆ ಕಳಿಸಿ.